ಸಕ್ರಿ ಅಂಕಿ, ಮಂದ ಕಣ್ಣು, ಕನ್ನಡ ಪರದಿ: ಎಲ್ಲಾ ಸೇರಿಸಿ ಸಂಶೋಧನೆ ಮಾಡೋದು ಹ್ಯಾಂಗ?

ಉಣಕಲ್_ದಂಡಿ

ಕಂಪ್ಯೂಟರ್ ಸೈನ್ಸ್ ಪಿಎಚ್‌ಡಿ ಪ್ರಸ್ತಾವದ ಸಲುವಾಗಿ ಕೇಳೋದು. ಒಂದು ಕಡಿ ಸಕ್ರಿ ಬ್ಯಾನಿ ತಂತ್ರಜ್ಞಾನ: ಗ್ಲುಕೋಮೀಟರ್, ತೋಳಿಗೆ ಅಂಟಿಸೋ ಸೆನ್ಸರ್ (ಸಿಜಿಎಂ), ಮುಂದಿನ ಅರ್ಧ ತಾಸಿನ ಮುನ್ಸೂಚನೆ. ಇನ್ನೊಂದು ಕಡಿ ವೆಬ್ ಆಕ್ಸೆಸಿಬಿಲಿಟಿ (ಅಂಗವಿಕಲರಿಗೂ ಪುಟ ಬಳಸಾಕ ಬರೋಹಂಗ ಮಾಡೋದು), ಅದೂ ಕನ್ನಡ ಪರದಿ ಮ್ಯಾಲೆ. ಎರಡು ದೋಣಿಯೊಳಗ ಕಾಲಿಡಬ್ಯಾಡ, ಒಂದು ಹಿಡಿ ಅಂತಾರ ಮಂದಿ. ಖರೇನ ಇವು ಎರಡು ದೋಣಿ ಏನು? ಡೇಟಾ ಎಲ್ಲಿಂದ ತರಬೇಕು, ಮೊದಲ ವರ್ಷ ಏನು ಕಟ್ಟಬೇಕು, ಏನು ಅಳೀಬೇಕು, ಎಲ್ಲಿ ಪ್ರಕಟಿಸಬೇಕು? ಹುಬ್ಬಳ್ಳಿ-ಧಾರವಾಡದಾಗ ಕುಂತು ಆಗೋವಂಥಾದ್ದು ಹೇಳ್ರಿ.

ಸಾಧನಕೇರಿ

ಸಕ್ಕರೆ ಕಾಯಿಲೆ ಅಕ್ಷಿಪಟಲವನ್ನು ಕೆಡಿಸುತ್ತದೆ, ಬೆರಳ ತುದಿಯ ಸ್ಪರ್ಶವನ್ನು ಮಂದ ಮಾಡುತ್ತದೆ. ಅದೇ ಕಾಯಿಲೆಗೆಂದು ಮಾಡಿದ ಆ್ಯಪ್‌ಗಳು ಬಳಸುವವರಿಂದ ಕೇಳುವುದು ಮಾತ್ರ ಚುರುಕು ಕಣ್ಣು, ಚುರುಕು ಬೆರಳು. ನಿಮ್ಮ ಪ್ರಸ್ತಾವದ ಮೊದಲ ಪ್ಯಾರಾ ಇಷ್ಟೇ ಸಾಕು. 2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು ಅಂದಾಜು ಮಾಡಿದೆ. ಅದನ್ನು ಎರಡನೇ ಪ್ಯಾರಾಕ್ಕೆ ಇಟ್ಟುಕೊಳ್ಳಿ.

ಈ ದಾರಿಯಲ್ಲಿ ಹೋದವರ ಕೆಲಸ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪುಣೆಯಲ್ಲಿ ಹುಟ್ಟಿದ ಟಿ. ವಿ. ರಾಮನ್ 1994ರಲ್ಲಿ ಕಾರ್ನೆಲ್‌ನಲ್ಲಿ ಮುಗಿಸಿದ ಪಿಎಚ್‌ಡಿಯ ವಿಷಯ ಗಣಿತ ತುಂಬಿದ ದಾಖಲೆಗಳನ್ನು ಧ್ವನಿಯಲ್ಲಿ ಓದಿಸುವುದು. ಪರದೆಯ ಮೇಲಿನ ಅಕ್ಷರಗಳನ್ನು ಸಾಲಾಗಿ ಓದಿಸುವುದಕ್ಕಿಂತ ದಾಖಲೆಯ ರಚನೆಯನ್ನೇ ಧ್ವನಿಗೆ ತರಬೇಕು ಎಂಬುದು ಅವರ ಹಟ. ಚೀಕೋ ಅಸಕಾವಾ ಐಬಿಎಂನಲ್ಲಿ 1997ರಲ್ಲಿ ವೆಬ್ ಪುಟ ಓದಿ ಹೇಳುವ ಹೋಮ್ ಪೇಜ್ ರೀಡರ್ ತಂದರು. ಮಧುಮೇಹದ ಕಡೆ ಬಂದರೆ, ಓಹಾಯೋ ವಿಶ್ವವಿದ್ಯಾಲಯದ ಸಿಂಡಿ ಮಾರ್ಲಿಂಗ್ ಕಂಪ್ಯೂಟರ್ ವಿಜ್ಞಾನಿ. ಹಳೆಯ ಪ್ರಕರಣಗಳನ್ನು ಹೋಲಿಸಿ ತರ್ಕಿಸುವ ವಿಧಾನದಿಂದ ಇನ್ಸುಲಿನ್ ಪಂಪ್ ಬಳಸುವವರಿಗೆ ಸಲಹೆ ಕೊಡುವ ವ್ಯವಸ್ಥೆಯಿಂದ ಶುರು ಮಾಡಿ, ಕೊನೆಗೆ ಎಲ್ಲರೂ ಬಳಸುವ ಡೇಟಾಸೆಟ್ ಕೊಟ್ಟರು. ಸಕ್ಕರೆ ಅಂಕಿಯ ಅಪಾಯ ಅಳೆಯುವ ಸೂತ್ರ ಕೊಟ್ಟ ವರ್ಜೀನಿಯಾದ ಬೋರಿಸ್ ಕೊವಾಚೆವ್ ಗಣಿತದವರು. ಇವರಲ್ಲಿ ಯಾರೂ 'ವಿಭಾಗ' ಆರಿಸಿಕೊಂಡು ಹೊರಟವರಲ್ಲ. ಬಳಕೆದಾರ ಸಿಕ್ಕಿಬೀಳುವ ಒಂದು ಜಾಗ ಹಿಡಿದರು, ಅಲ್ಲೇ ವರ್ಷಗಟ್ಟಲೆ ಅಗೆದರು.

ನಿಮ್ಮ ಜಾಗ ಯಾವುದು ಎಂದು ಒಂದೇ ವಾಕ್ಯದಲ್ಲಿ ಹೇಳಿ ನೋಡಿ. ನನ್ನ ಸೂಚನೆ: ಕಣ್ಣು ಮಂದವಾದವರು ತಮ್ಮ ಸಕ್ಕರೆ ಅಂಕಿಯನ್ನು ಎಷ್ಟು ಬೇಗ, ಎಷ್ಟು ತಪ್ಪಿಲ್ಲದೆ ತಿಳಿದುಕೊಳ್ಳುತ್ತಾರೆ?

ಚಿಗರಿ_ಬಸ್

ಪ್ರಕಟಣೆ ಬೇಗ ಬೇಕಾದರೆ ಮುನ್ಸೂಚನೆ ಹಿಡೀರಿ. ಮಾರ್ಲಿಂಗ್ ಅವರ ಓಹಾಯೋ ಡೇಟಾಸೆಟ್ ಐತಿ, ಎಲ್‌ಎಸ್‌ಟಿಎಂ ಅಥವಾ ಟ್ರಾನ್ಸ್‌ಫಾರ್ಮರ್ ಅನ್ನೋ ನ್ಯೂರಲ್ ಮಾದರಿ ಹಾಕ್ರಿ, 30 ನಿಮಿಷ ಮತ್ತು 60 ನಿಮಿಷದ ಆರ್‌ಎಂಎಸ್‌ಇ (ಊಹೆಯ ಸರಾಸರಿ ತಪ್ಪಿನ ಅಳತಿ) ತೋರಿಸ್ರಿ. ಆರು ತಿಂಗಳ ಕೆಲಸ. ಆಕ್ಸೆಸಿಬಿಲಿಟಿ ಆಮ್ಯಾಲೆ ನೋಡಿದ್ರಾತು.

ಸಾಧನಕೇರಿ

@ಚಿಗರಿ_ಬಸ್ ಆರು ತಿಂಗಳಲ್ಲಿ ಆಗುತ್ತದೆ, ನಿಜ. ಅದಕ್ಕೇ ಅಂಥ ಪ್ರಬಂಧಗಳು ರಾಶಿ ಬಿದ್ದಿವೆ. ಆ ಡೇಟಾದಲ್ಲಿ 12 ಜನರ ತಲಾ 8 ವಾರಗಳ ದಾಖಲೆ ಇದೆ, 2018ರಲ್ಲಿ 6 ಜನ, 2020ರಲ್ಲಿ ಮತ್ತೆ 6. ಸೆನ್ಸರ್ ಓದು 5 ನಿಮಿಷಕ್ಕೊಂದು. ಒಳ್ಳೆಯ ಮಾದರಿಗಳೆಲ್ಲ 30 ನಿಮಿಷಕ್ಕೆ ಸುಮಾರು 18ರಿಂದ 20 ಮಿ.ಗ್ರಾಂ/ಡಿ.ಎಲ್ ಆರ್‌ಎಂಎಸ್‌ಇ ಹತ್ತಿರ ಬಂದು ನಿಂತಿವೆ. ಅಲ್ಲಿಂದ 0.3 ಇಳಿಸಿದರೆ ಯಾವ ರೋಗಿಗೂ ಏನೂ ಆಗುವುದಿಲ್ಲ.

ಆದರೂ ಮಾಡುವುದಾದರೆ ಪರೀಕ್ಷಕರು ಕೇಳುವ ನಾಲ್ಕು ಮಾತು ಈಗಲೇ ಕೇಳಿಸಿಕೊಳ್ಳಿ.

ಮೊದಲನೆಯದು, 'ಈಗಿನ ಅಂಕಿಯೇ ಅರ್ಧ ಗಂಟೆ ಬಿಟ್ಟೂ ಇರುತ್ತದೆ' ಎನ್ನುವ ಪೆದ್ದ ಮಾದರಿಯನ್ನು ಪಕ್ಕದಲ್ಲಿಟ್ಟು ಹೋಲಿಸದ ಫಲಿತಾಂಶಕ್ಕೆ ಬೆಲೆಯಿಲ್ಲ. ಎರಡನೆಯದು, ತರಬೇತಿ-ಪರೀಕ್ಷೆ ವಿಂಗಡಣೆ ಕಾಲಕ್ರಮದಲ್ಲೇ ಆಗಬೇಕು. ಯಾದೃಚ್ಛಿಕವಾಗಿ ಕಲಸಿದರೆ 10:00ರ ಓದು ತರಬೇತಿಯಲ್ಲಿ, 10:05ರದು ಪರೀಕ್ಷೆಯಲ್ಲಿ, 10:10ರದು ಮತ್ತೆ ತರಬೇತಿಯಲ್ಲಿ ಬೀಳುತ್ತದೆ. ಮಾದರಿ ಊಹಿಸುವುದಿಲ್ಲ, ನೆನಪಿಸಿಕೊಳ್ಳುತ್ತದೆ. ಮೂರನೆಯದು ಕಣ್ತಪ್ಪಿ ಆಗುವ ಮೋಸ: ಸೆನ್ಸರ್ ಸಿಗ್ನಲ್ ಹೋದ ಖಾಲಿ ಜಾಗವನ್ನು ಸರಳರೇಖೆ ಎಳೆದು ತುಂಬುತ್ತೀರಿ. ಆ ರೇಖೆಯ ಆಚೆ ತುದಿ ಭವಿಷ್ಯದಲ್ಲಿದೆ. ಪರೀಕ್ಷೆಯ ಭಾಗದಲ್ಲಿ ಹಿಂದಿನ ಬೆಲೆಗಳಿಂದ ಮಾತ್ರ ತುಂಬಬೇಕು, ಇಲ್ಲವೇ ಆ ತುಣುಕನ್ನೇ ಬಿಡಬೇಕು. ನಾಲ್ಕನೆಯದು, ಸರಾಸರಿ ದೋಷ ಎಲ್ಲ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. 250 ಇದ್ದದ್ದನ್ನು 270 ಎಂದರೆ ಏನೂ ಆಗದು, 55 ಇದ್ದದ್ದನ್ನು 75 ಎಂದರೆ ಅನಾಹುತ. ಕೊವಾಚೆವ್ 1997ರಲ್ಲಿ ಕೊಟ್ಟ ಅಪಾಯದ ಸೂತ್ರ ಇದಕ್ಕೇ ಇದೆ: ಅಂಕಿಯ ಸ್ವಾಭಾವಿಕ ಲಾಗರಿದಮ್ ತೆಗೆದು 1.084ರ ಘಾತಕ್ಕೆ ಏರಿಸಿ, 5.381 ಕಳೆದು, 1.509ರಿಂದ ಗುಣಿಸಿ. ಬಂದದ್ದರ ವರ್ಗವನ್ನು 10ರಿಂದ ಗುಣಿಸಿದರೆ ಅಪಾಯ. 112.5 ಹತ್ತಿರ ಅದು ಸೊನ್ನೆ, ಕೆಳಗೆ ಇಳಿದಂತೆ ಕಡಿದಾಗಿ ಏರುತ್ತದೆ.

ಖಡಕ್_ರೊಟ್ಟಿ

ಅಂಕಿ ಅಂಕಿ ಅಂತೀರಿ, ಅಂಕಿ ಎಷ್ಟು ನಂಬಬಹುದು ಅನ್ನೋದೂ ಗೊತ್ತಿರಲಿ. ಬೆರಳು ಚುಚ್ಚೋ ಮೀಟರಿಗೆ ಐಎಸ್‌ಒ 15197ರ 2013ರ ನಿಯಮ: 95% ಓದುಗಳು, 100ರ ಕೆಳಗ ಆದ್ರ ±15 ಮಿ.ಗ್ರಾಂ ಒಳಗ, 100 ಮತ್ತು ಮ್ಯಾಲೆ ಆದ್ರ ±15% ಒಳಗ. ಅಂದ್ರ ಖರೇ ಸಕ್ರಿ 200 ಇದ್ದಾಗ ಮೀಟರ್ 170 ತೋರಿಸಿದ್ರೂ ಪಾಸು, 230 ತೋರಿಸಿದ್ರೂ ಪಾಸು. ನಿಮ್ಮ ಆ್ಯಪ್ '203.4' ಅಂತ ದಶಮಾಂಶ ತೋರಿಸಿದ್ರ ಅದು ಸುಳ್ಳು ನಿಖರತೆ.

ಸೆನ್ಸರ್ ರಕ್ತ ಅಳೆಯೋದಿಲ್ಲ, ಚರ್ಮದ ಕೆಳಗಿನ ಜೀವಕೋಶಗಳ ನಡುವಿನ ದ್ರವ ಅಳೀತದ. ಸಕ್ರಿ ಜೋರಾಗಿ ಏರುವಾಗ, ಇಳಿಯುವಾಗ ಅದು 5ರಿಂದ 15 ನಿಮಿಷ ಹಿಂದ ಇರ್ತದ. ರಾತ್ರಿ ಆ ತೋಳಿನ ಮ್ಯಾಲೆ ಮಲಗಿದ್ರ ಒತ್ತಡಕ್ಕ ಅಂಕಿ ಸುಳ್ಳೇ ಕುಸೀತದ, ಮಗ್ಗಲು ಬದಲಿಸಿದ್ರ ಸರಿ ಆಗ್ತದ. ಡೇಟಾದಾಗ ರಾತ್ರಿ 2 ಗಂಟೆಗೆ ಕಡಿದಾದ ಗುಂಡಿ ಕಂಡ್ರ ಮೊದಲ ಇದನ್ನ ಅನುಮಾನಿಸ್ರಿ.

ಮೀಟರಿನ ಕಡಿ ದೊಡ್ಡ ತಪ್ಪು ಬೆರಳು ತೊಳೀದೆ ಚುಚ್ಚೋದು. ಧಾರವಾಡ ಆಪೂಸ್ ಸೀಜನ್ನಾಗ ಹಣ್ಣು ಕೊಯ್ದ ಬೆರಳಿನ ಅಂಕಿ ಆಕಾಶಕ್ಕ ಹೋಗ್ತದ, ಯಾಕಂದ್ರ ಪಟ್ಟಿ ಅಳೆಯೋದು ರಕ್ತದ ಸಕ್ರಿ ಜೊತಿಗೆ ಬೆರಳ ಮ್ಯಾಲಿನ ಹಣ್ಣಿನ ಸಕ್ರಿನೂ. ಸೋಪು ಹಚ್ಚಿ ತೊಳೆದು ಒಣಗಿಸಿ ಚುಚ್ಚಬೇಕು. ಒದ್ದಿ ಇದ್ರ ಹನಿ ತೆಳು ಆಗಿ ಅಂಕಿ ಕಡಿಮಿ ಬರ್ತದ.

ಊಟದ ಲೆಕ್ಕ ಹಾಕೋ ಆ್ಯಪಿನಾಗ ಜೋಳದ ರೊಟ್ಟಿ ಹುಡುಕಿದ್ರ ಒಂದೋ ಸಿಗಂಗಿಲ್ಲ, ಇಲ್ಲಾ 'ರೋಟಿ' ಅಂತ ಗೋಧಿದು ಬರ್ತದ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ (ಎನ್‌ಐಎನ್) 2017ರಾಗ ತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳಕ್ಕ ಸುಮಾರು 68 ಗ್ರಾಂ ಕಾರ್ಬ್ (ಕಾರ್ಬೊಹೈಡ್ರೇಟ್). 50 ಗ್ರಾಂ ಹಿಟ್ಟಿನ ರೊಟ್ಟಿಗೆ 34 ಗ್ರಾಂ. ಹಿಟ್ಟು ತೂಗ್ರಿ, ರೊಟ್ಟಿ ತೂಗಬ್ಯಾಡ್ರಿ. ಬಿಸಿ ರೊಟ್ಟಿ ಒಣಗಿ ಖಡಕ್ ಆದಂಗೆಲ್ಲಾ ನೀರು ಹೋಗಿ ತೂಕ ಇಳೀತದ, ಕಾರ್ಬ್ ಅಷ್ಟ ಇರ್ತದ.

ಡೋಸ್ ತೋರಿಸೋ ಯಾವುದೇ ಪರದಿ ಮಾಡಿದ್ರ ಇದೊಂದು ಗೋಡಿಗೆ ಬರೆದು ಹಚ್ಚಿಕೊಳ್ರಿ: ನಮ್ಮಲ್ಲಿ ಇನ್ಸುಲಿನ್ ಬಾಟಲಿ ಎರಡು ನಮೂನಿ, ಮಿ.ಲೀ.ಗೆ 40 ಯೂನಿಟ್ ಮತ್ತು 100 ಯೂನಿಟ್. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕ ಕಿತ್ತಳೆ. 100ರ ಇನ್ಸುಲಿನ್ನನ್ನ 40ರ ಸಿರಿಂಜಿನಾಗ 20ರ ಗೀಟಿನ ತನಕಾ ಎಳೆದ್ರ ಒಳಗ ಹೋಗೋದು ಅರ್ಧ ಮಿ.ಲೀ., ಅಂದ್ರ 50 ಯೂನಿಟ್. ಎರಡೂವರಿ ಪಟ್ಟು. ಈಗ ಹೇಳ್ರಿ, ಕಣ್ಣು ಮಂದ ಇದ್ದವರಿಗೆ ಕೆಂಪು-ಕಿತ್ತಳೆ ಮುಚ್ಚಳದ ವ್ಯತ್ಯಾಸ ಎಷ್ಟು ಕಾಣ್ತದ?

ಗದಗ_ಧ್ವನಿ

ಬಣ್ಣದ ವಿಷಯಕ್ಕೆ ಸೇರಿಸುತ್ತೇನೆ. ಹೆಚ್ಚಿನ ಡೆವಲಪರ್‌ಗಳು ಕೆಂಪು-ಹಸಿರು ಕುರುಡಿನ ಸಿಮ್ಯುಲೇಟರ್ ಹಾಕಿ ನೋಡಿ ಕೈ ತೊಳೆದುಕೊಳ್ಳುತ್ತಾರೆ. ಅದು ಹುಟ್ಟಿನಿಂದ ಬರುವ ಬಣ್ಣಗುರುಡು. ಮಧುಮೇಹದಿಂದ ಬರುವ ದೋಷ ಸಾಮಾನ್ಯವಾಗಿ ನೀಲಿ-ಹಳದಿ ಕಡೆಯದು. ಸಿಮ್ಯುಲೇಟರಿನಲ್ಲಿ 'ಟ್ರೈಟನ್' ಆಯ್ಕೆ ಹಾಕಿ ನೋಡಬೇಕು. ಜೊತೆಗೆ ಅಕ್ಷರ ಫಲಕದ ಕೊನೆ ಸಾಲು ಓದಬಲ್ಲವರಿಗೂ ಕಾಂಟ್ರಾಸ್ಟ್ ಗುರುತಿಸುವ ಶಕ್ತಿ ಕುಗ್ಗಿರಬಹುದು.

ಸಿಜಿಎಂ ವರದಿಯ ರೂಢಿ ಬಣ್ಣಗಳು ನೋಡಿ: 70ರಿಂದ 180 ಹಸಿರು, ಕೆಳಗೆ ಕೆಂಪು, ಮೇಲೆ ಹಳದಿ-ಕಿತ್ತಳೆ. ಬಿಳಿ ಮೇಲೆ ಅಪ್ಪಟ ಹಳದಿಯ ಕಾಂಟ್ರಾಸ್ಟ್ 1.07ಕ್ಕೆ 1. ಡಬ್ಲ್ಯುಸಿಎಜಿ (ವೆಬ್ ಆಕ್ಸೆಸಿಬಿಲಿಟಿಯ ಮಾರ್ಗಸೂಚಿ) ಕೇಳುವುದು ಪಠ್ಯಕ್ಕೆ 4.5, ದೊಡ್ಡ ಅಕ್ಷರಕ್ಕೆ 3, ಗ್ರಾಫಿನ ಗೆರೆಗಳಿಗೂ 3. ಎಲ್ಲರೂ ಮೆಚ್ಚುವ ಬೂದು (ಬಣ್ಣದ ಸಂಕೇತ 777777) ಬಿಳಿ ಮೇಲೆ 4.48, ಕೂದಲೆಳೆಯಲ್ಲಿ ಫೇಲು. 767676 ಹಾಕಿದರೆ 4.54, ಪಾಸು. ಪಾಸಾದ ಮಾತ್ರಕ್ಕೆ ಮಧ್ಯಾಹ್ನದ ಬಿಸಿಲಲ್ಲಿ ಬಸ್ ನಿಲ್ದಾಣದಲ್ಲಿ ಕಾಣುತ್ತದೆ ಎಂದಲ್ಲ. ಬಣ್ಣದ ಜೊತೆ ಮಾತೂ ಇರಲಿ: 'ಹೆಚ್ಚು', 'ಸರಿ', 'ಕಡಿಮೆ'.

ಇನ್ನು ಕನ್ನಡದ್ದೇ ತೊಂದರೆಗಳು. ಇವು ಯಾವ ಇಂಗ್ಲಿಷ್ ಕೈಪಿಡಿಯಲ್ಲೂ ಸಿಗುವುದಿಲ್ಲ.

ಬಟನ್ನಿನ ಎತ್ತರ ಕಟ್ಟಿಹಾಕಿ, ಸಾಲಿನ ಎತ್ತರ 1 ಕೊಟ್ಟು, ಮಿಕ್ಕದ್ದನ್ನು ಅಡಗಿಸಿದರೆ ಒತ್ತಕ್ಷರ ಕತ್ತರಿಸಿ ಹೋಗುತ್ತದೆ. 'ಸಕ್ಕರೆ' ಹೋಗಿ 'ಸಕರೆ', 'ಗ್ಲೂಕೋಸ್' ಹೋಗಿ 'ಗೂಕೋಸ್'. ಇಂಗ್ಲಿಷಿನಲ್ಲಿ ಅದೇ ಬಟನ್ ಚೆನ್ನಾಗಿಯೇ ಕಾಣುತ್ತದೆ, ಹಾಗಾಗಿ ತಪ್ಪು ಪರೀಕ್ಷೆಯಲ್ಲಿ ಸಿಗುವುದಿಲ್ಲ. ಸಾಲಿನ ಎತ್ತರ 1.5 ಇರಲಿ, ಎತ್ತರಕ್ಕೆ ಕನಿಷ್ಠ ಮಿತಿ ಕೊಡಿ, ಗರಿಷ್ಠ ಬೇಡ. ಅಕ್ಷರ 200%ಗೆ ದೊಡ್ಡದು ಮಾಡಿ, 320 ಪಿಕ್ಸೆಲ್ ಅಗಲದಲ್ಲಿ ನೋಡಿ. ಕನ್ನಡದ ಉದ್ದ ಪದಗಳು ಅಲ್ಲೇ ಪೆಟ್ಟಿಗೆಯಾಚೆ ಚಾಚುತ್ತವೆ.

ಪುಟದ ಭಾಷೆಯನ್ನು ಕನ್ನಡ ಎಂದು ಎಚ್‌ಟಿಎಂಎಲ್‌ನಲ್ಲಿ ಘೋಷಿಸದಿದ್ದರೆ ಎನ್‌ವಿಡಿಎ (ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್) ಯಾವ ಧ್ವನಿ ಕೈಗೆ ಸಿಕ್ಕಿತೋ ಅದರಲ್ಲಿ ಓದುತ್ತದೆ, ಇಲ್ಲವೇ ಮೌನ. ಪಠ್ಯವನ್ನು ಧ್ವನಿ ಮಾಡುವ ಇಸ್ಪೀಕ್‌ನಲ್ಲಿ ಕನ್ನಡ ಇದೆ, ಕಿವಿಗೆ ಒರಟು, ಆದರೆ ಉಚಿತ. ಮಧ್ಯೆ ಬರುವ ಇಂಗ್ಲಿಷ್ ಘಟಕಕ್ಕೆ ಬೇರೆ ಭಾಷಾಗುರುತು ಕೊಡಿ, ಇಲ್ಲವೇ ನೇರ 'ಮಿಲಿಗ್ರಾಂ' ಎಂದೇ ಬರೆಯಿರಿ. ಏರಿಕೆ-ಇಳಿಕೆಯ ಬಾಣದ ಚಿಹ್ನೆಯನ್ನು ಸ್ಕ್ರೀನ್ ರೀಡರ್ ಓದುತ್ತದೋ ಬಿಡುತ್ತದೋ ಎಂಬುದು ಬಳಕೆದಾರ ಇಟ್ಟುಕೊಂಡ ಚಿಹ್ನೆಗಳ ಮಟ್ಟದ ಮೇಲಿದೆ. ಮಧುಮೇಹಿಗೆ ಬಾಣ ಅಂಕಿಯಷ್ಟೇ ಮುಖ್ಯ. 110 ಇದ್ದು ಏರುತ್ತಿದ್ದರೆ ಒಂದು ಮಾತು, 110 ಇದ್ದು ಧಡಧಡ ಇಳಿಯುತ್ತಿದ್ದರೆ ಬೇರೆಯೇ ಮಾತು. ಅದನ್ನು ಪದದಲ್ಲಿ ಕೊಡಿ.

ಲ್ಯಾಬ್ ವರದಿಯ ಪಿಡಿಎಫ್ ಹಳೆಯ ನುಡಿ ಫಾಂಟಿನಲ್ಲಿದ್ದರೆ ಕಣ್ಣಿಗೆ ಕನ್ನಡ, ಒಳಗೆ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಪರೀಕ್ಷೆ ಸುಲಭ: ಒಂದು ಸಾಲು ನಕಲು ಮಾಡಿ ನೋಟ್‌ಪ್ಯಾಡಿಗೆ ಹಾಕಿ. ಕನ್ನಡ ಬಂದರೆ ಯೂನಿಕೋಡ್, ಕಸ ಬಂದರೆ ಸ್ಕ್ರೀನ್ ರೀಡರಿಗೂ ಕಸವೇ.

ಚಿಗರಿ_ಬಸ್

ಬ್ರೈಲ್ ಡಿಸ್‌ಪ್ಲೇ ಇದ್ರ ಧ್ವನಿ ತಾಪತ್ರಯನ ಇಲ್ಲಲ್ಲ? ಪಠ್ಯಾನ ಬ್ರೈಲ್ ಮಾಡೋ ಲಿಬ್ಲೂಯಿಸ್‌ನಾಗ ಕನ್ನಡ ಕೋಷ್ಟಕ ಐತಿ.

ಗದಗ_ಧ್ವನಿ

@ಚಿಗರಿ_ಬಸ್ ಕೋಷ್ಟಕ ಇದೆ, ಬೆರಳು ಬೇಕಲ್ಲ. ನರದೋಷ ಕೈಗೆ ಬಂದವರಿಗೆ ಚುಕ್ಕಿಗಳು ಒಂದಕ್ಕೊಂದು ಅಂಟಿದಂತೆ ಆಗುತ್ತವೆ. ಕಾಯಿಲೆಯಿಂದಲೇ ದೊಡ್ಡ ವಯಸ್ಸಿನಲ್ಲಿ ದೃಷ್ಟಿ ಹೋದವರು ಬ್ರೈಲ್ ಕಲಿತಿರುವುದೂ ಅಪರೂಪ. ಹುಟ್ಟು ಕುರುಡರಿಗೆಂದು ಮಾಡಿದ ಪರಿಹಾರವನ್ನು ಹಾಗೇ ಎತ್ತಿ ಇವರಿಗೆ ಕೊಡಲಾಗದು ಎಂಬುದಕ್ಕೆ ಇದೇ ಸಾಕ್ಷಿ. ಬ್ರೈಲ್ ಓದುವವರಿದ್ದರೆ ಓದುವ ಬೆರಳು ಬಿಟ್ಟು ಬೇರೆ ಬೆರಳಿನ ಬದಿಗೆ ಚುಚ್ಚಬೇಕು.

ಬ್ಯಾಡಗಿ_ಬೈಟ್

ಮೊದಲ ವರ್ಷ ಏನು ಕಟ್ಟಬೇಕು ಅಂದ್ರಲ್ಲ, ಮಾತಾಡೋ ಮೀಟರ್ ಪುಟ ಕಟ್ಟ್ರಿ. ಹೊಸ ಹಾರ್ಡ್‌ವೇರ್ ಬ್ಯಾಡ. ಬ್ಲೂಟೂತ್ ಗ್ಲೂಕೋಸ್ ಪ್ರೊಫೈಲ್ ಪಾಲಿಸೋ ಮೀಟರ್ ಒಂದು, ಆಂಡ್ರಾಯ್ಡ್ ಫೋನ್ ಒಂದು, ಕ್ರೋಮ್‌ನ ವೆಬ್ ಬ್ಲೂಟೂತ್. ಐಫೋನಿನ ಸಫಾರಿಯೊಳಗ ಇದು ನಡೆಯಂಗಿಲ್ಲ, ಫೈರ್‌ಫಾಕ್ಸ್‌ನಾಗೂ ಇಲ್ಲ. ಪುಟ ಎಚ್‌ಟಿಟಿಪಿಎಸ್ ಮ್ಯಾಲೆ ಇರಬೇಕು, ಬಟನ್ ಒತ್ತಿದ ಮ್ಯಾಲೇ ಸಾಧನದ ಪಟ್ಟಿ ತೆರೀತದ.

ಕ್ರಮ ಹಿಂಗ. ಸೇವೆಯ ಸಂಖ್ಯೆ 1808. ಅದರೊಳಗ 2ಎ18 ಅಳತಿ, 2ಎ52 ದಾಖಲೆ ಕೇಳೋ ಕಿಂಡಿ. ಮೊದಲ 2ಎ18ಕ್ಕ ನೋಟಿಫಿಕೇಶನ್ ಹಚ್ಚಿ, ಆಮ್ಯಾಲೆ 2ಎ52ಕ್ಕ ಇಂಡಿಕೇಶನ್ ಹಚ್ಚಿ, ಆಮ್ಯಾಲೇ 2ಎ52ಕ್ಕ '1, 1' ಅಂತ ಎರಡು ಬೈಟ್ ಬರೀಬೇಕು. 'ಇದ್ದದ್ದೆಲ್ಲಾ ಕೊಡು' ಅಂತ ಅರ್ಥ. ಕ್ರಮ ತಪ್ಪಿದ್ರ ದಾಖಲೆಗಳು ಬಂದು ಗಾಳಿಗೆ ಹೋಗ್ತಾವ. ಮುಗಿದಾಗ '6, 0, 1, 1' ಬರ್ತದ. '6, 0, 1, 6' ಬಂದ್ರ ಮೀಟರ್ ಖಾಲಿ. ದೋಷ ಸಂಖ್ಯೆ 5 ಬಂದ್ರ ಜೋಡಣೆ ಆಗಿಲ್ಲ, ಫೋನಿನ ಸೆಟ್ಟಿಂಗ್ಸ್‌ನಾಗ ಹಳೇ ಜೋಡಣೆ ಅಳಿಸಿ ಮತ್ತ ಜೋಡಿಸ್ರಿ.

ಒಂದು ಅಳತಿ ಬಿಡಿಸಿ ನೋಡೋಣು. ಬೈಟುಗಳು ದಶಮಾಂಶದಾಗ:

3, 42, 0, 233, 7, 3, 14, 7, 30, 0, 74, 1, 142, 176, 17

ಮೊದಲ 3 ಧ್ವಜ: ಸಮಯದ ಹೊಂದಾಣಿಕಿನೂ ಐತಿ, ಅಳತಿನೂ ಐತಿ, ಘಟಕ ಲೀಟರಿಗೆ ಕಿಲೋಗ್ರಾಂ. 42, 0 ಅಂದ್ರ ಕ್ರಮಸಂಖ್ಯೆ 42. 233ಕ್ಕ 7 × 256 ಕೂಡಿಸಿದ್ರ 2025. ಮಾರ್ಚ್ 14, ಮುಂಜಾನೆ 7:30:00. ಮುಂದ 74, 1 ಅಂದ್ರ 330 ನಿಮಿಷ. ಈ 330 ಎಲ್ಲೋ ನೋಡಿದಂಗ ಐತೆಲ್ಲ? ಐದೂವರಿ ತಾಸು, ನಮ್ಮ ಭಾರತೀಯ ಕಾಲಮಾನ. ಖರೇ ಸಮಯ ಮಧ್ಯಾಹ್ನ 1:00. ಈ ಎರಡು ಬೈಟ್ ಬಿಟ್ಟು ಓದಿದ್ರ ಊಟದ ಹೊತ್ತಿನ ಸಕ್ರಿ 'ಖಾಲಿ ಹೊಟ್ಟಿ' ಪಟ್ಟಿಗೆ ಹೋಗಿ ಕುಂದರ್ತದ, ಡಾಕ್ಟರ್ ಅದನ್ನ ನೋಡಿ ರಾತ್ರಿ ಇನ್ಸುಲಿನ್ ಏರಿಸಬಹುದು.

142, 176 ಅಳತಿ. 16 ಬಿಟ್‌ನಾಗ ಮ್ಯಾಲಿನ 4 ಬಿಟ್ ಘಾತ, ಕೆಳಗಿನ 12 ಬಿಟ್ ಅಂಕಿ. ಘಾತ 11, ಆದ್ರ ಅದು ಚಿಹ್ನೆ ಇರೋ ಸಂಖ್ಯೆ, 16 ಕಳೀಬೇಕು: −5. ಅಂಕಿ 142. ಅಂದ್ರ 0.00142 ಕಿ.ಗ್ರಾಂ/ಲೀ., 1,00,000ದಿಂದ ಗುಣಿಸಿದ್ರ 142 ಮಿ.ಗ್ರಾಂ/ಡಿ.ಎಲ್. ಚಿಹ್ನೆ ಮರೆತ್ರ 142ರ ಮುಂದ 11 ಸೊನ್ನೆ ಬರ್ತಾವ, ಅದು ಕಣ್ಣಿಗೆ ಹೊಡೀತದ, ಪುಣ್ಯ. ಧ್ವಜದ ಮೂರನೇ ಬಿಟ್ ನೋಡದಿದ್ರ ಮಾತ್ರ ಗೊತ್ತೇ ಆಗದಂಗ ಕೆಡ್ತದ: ಅದು 1 ಇದ್ರ ಘಟಕ ಮೋಲ್, 18ರ ಗುಣಕ ಬೇರೆ. ಕೊನೀ 17: ಬೆರಳಿನ ತುದಿಯ ರಕ್ತ.

ಉಣಕಲ್_ದಂಡಿ

ಇದು ಕೈಗೆ ಸಿಗೋ ಕೆಲಸ. ಪುಟದಾಗ ಅಂಕಿ ಕನ್ನಡ ಅಂಕಿಯೊಳಗ ತೋರಿಸಬೇಕೋ ಬ್ಯಾಡೋ? ಮತ್ತ ಮಾತಾಡಿಸೋದು ಹ್ಯಾಂಗ?

ಬ್ಯಾಡಗಿ_ಬೈಟ್

ತೋರಿಸೋದು ಬಿಡ್ರಿ, ಮೊದಲ ಬರಿಸಿಕೊಳ್ಳೋದು ನೋಡ್ರಿ. ಬಳಸುವವರು ಕನ್ನಡ ಕೀಬೋರ್ಡಿನಾಗ ೧೮೦ ಅಂತ ಹೊಡೆದ್ರ ಜಾವಾಸ್ಕ್ರಿಪ್ಟ್ ಅದನ್ನ ಸಂಖ್ಯೆ ಅಂತ ಒಪ್ಪಂಗಿಲ್ಲ, ಪೈಥಾನ್ ಒಪ್ಪಿ 180 ಅಂತದ. ರೆಗೆಕ್ಸ್‌ನಾಗೂ (ಪಠ್ಯದ ನಮೂನಿ ಹುಡುಕೋ ಸೂತ್ರ) ಹಂಗ: ಪೈಥಾನಿನ ಅಂಕಿ-ಗುರುತು ಕನ್ನಡ ಅಂಕಿ ಹಿಡೀತದ, ಜಾವಾಸ್ಕ್ರಿಪ್ಟಿನದ್ದು ಹಿಡಿಯಂಗಿಲ್ಲ. ಸರ್ವರ್ ಪರೀಕ್ಷೆ ಪಾಸು, ಫೋನಿನ ಮ್ಯಾಲೆ ಫೇಲು. ೦ಯಿಂದ ೯ರ ತನಕಾ ಹತ್ತು ಅಕ್ಷರ ಬದಲಿಸೋ ಒಂದು ಸಾಲು ಬರೆದು ಎರಡೂ ಕಡಿ ಹಾಕ್ರಿ. ತೋರಿಸೋದು 180 ಅಂತನ ತೋರಿಸ್ರಿ. ಮೀಟರಿನ ಪರದಿ ಮ್ಯಾಲೆ ಇರೋದು ಅದ, ಎರಡೂ ತಾಳಿ ಆಗಬೇಕಲ್ಲ.

ಗದಗ_ಧ್ವನಿ

ಮಾತಾಡಿಸುವುದಕ್ಕೆ ಲೈವ್ ರೀಜನ್, ಅಂದರೆ ಒಳಗಿನ ಪಠ್ಯ ಬದಲಾದಾಗ ಸ್ಕ್ರೀನ್ ರೀಡರ್ ತಾನೇ ಓದುವ ಪೆಟ್ಟಿಗೆ. ಪುಟ ತೆರೆದಾಗಲೇ ಖಾಲಿ ಪೆಟ್ಟಿಗೆ ಇರಬೇಕು, ಅಂಕಿ ಬಂದಾಗ ಅದರೊಳಗೆ ಪಠ್ಯ ಹಾಕಬೇಕು. ಪೆಟ್ಟಿಗೆಯನ್ನೂ ಪಠ್ಯವನ್ನೂ ಒಟ್ಟಿಗೆ ಸೇರಿಸಿದರೆ ಹಲವು ಸಲ ಏನೂ ಕೇಳುವುದಿಲ್ಲ. ಸಾಮಾನ್ಯ ಓದಿಗೆ 'ಪೊಲೈಟ್' (ಸರದಿ ಕಾದು ಓದುವುದು), 70ರ ಕೆಳಗೆ ಹೋದರೆ ಮಾತ್ರ 'ಅಸರ್ಟಿವ್' (ತಕ್ಷಣ ಮಧ್ಯೆ ನುಗ್ಗಿ ಓದುವುದು). ಎಲ್ಲವನ್ನೂ ಅಸರ್ಟಿವ್ ಮಾಡಿದರೆ ಬಳಕೆದಾರರು ಎರಡನೇ ದಿನಕ್ಕೆ ಧ್ವನಿಯನ್ನೇ ಬಂದ್ ಮಾಡುತ್ತಾರೆ.

ವಾಕ್ಯದ ಕ್ರಮವೂ ಮುಖ್ಯ. ವೈರ್‌ಲೆಸ್ ಇಯರ್‌ಫೋನ್ ನಿದ್ದೆಯಿಂದ ಏಳುವಾಗ ಮೊದಲ ಅರ್ಧ ಸೆಕೆಂಡ್ ಧ್ವನಿ ನುಂಗುವುದುಂಟು. 'ಇನ್ನೂರಾ ನಲವತ್ತೆರಡು' ಎಂದು ಶುರುವಾದರೆ ಕಿವಿಗೆ ಬೀಳುವುದು 'ನಲವತ್ತೆರಡು'. 242 ಇದ್ದವರು ಸಕ್ಕರೆ ಇಳಿದಿದೆ ಎಂದು ಪೇಡಾ ತಿನ್ನುತ್ತಾರೆ. ಆದ್ದರಿಂದ ಹೀಗೆ: 'ಸಕ್ಕರೆ ಹೆಚ್ಚು. ಇನ್ನೂರಾ ನಲವತ್ತೆರಡು. ಏರುತ್ತಿದೆ.' ಮೊದಲ ಪದ ಹೋದರೂ ನಷ್ಟವಿಲ್ಲ, ಸ್ಥಿತಿ ಮೊದಲು, ಅಂಕಿ ಆಮೇಲೆ. 'ಮತ್ತೊಮ್ಮೆ ಹೇಳು' ಬಟನ್ ಇರಲಿ, ಡಬ್ಲ್ಯುಸಿಎಜಿ 2.2 ಕೇಳುವ 24 ಪಿಕ್ಸೆಲ್ ಅಲ್ಲ, ಪರದೆಯ ಅಗಲದಷ್ಟು. ಸಕ್ಕರೆ ಇಳಿದವರ ಕೈ ನಡುಗುತ್ತದೆ, ತಲೆ ಓಡುವುದಿಲ್ಲ. 15 ಗ್ರಾಂ ಸಕ್ಕರೆ ತಿಂದು 15 ನಿಮಿಷ ಕಾಯುವಷ್ಟರಲ್ಲಿ ಲಾಗಿನ್ ಅವಧಿ ಮುಗಿದು ಮತ್ತೆ ಒಟಿಪಿ ಕೇಳುವ ಆ್ಯಪ್‌ಗಿಂತ ಕ್ರೂರವಾದದ್ದು ಇನ್ನೊಂದಿಲ್ಲ.

ಸಾಧನಕೇರಿ

@ಗದಗ_ಧ್ವನಿ ಈ 242 ಉದಾಹರಣೆಯಲ್ಲೇ ಪ್ರಬಂಧದ ತಿರುಳಿದೆ. 1987ರ ಕ್ಲಾರ್ಕ್ ದೋಷಚೌಕ ಮೀಟರುಗಳನ್ನು ಅಳೆಯಲು ಮಾಡಿದ್ದು: ಅಡ್ಡಕ್ಕೆ ನಿಜ ಸಕ್ಕರೆ, ಲಂಬಕ್ಕೆ ಮೀಟರ್ ಹೇಳಿದ್ದು, ಎ-ಯಿಂದ ಇ-ವರೆಗೆ ಅಪಾಯದ ವಲಯಗಳು. ಲಂಬಕ್ಕೆ ಮೀಟರ್ ಹೇಳಿದ್ದನ್ನು ತೆಗೆದು 'ಬಳಸುವವರಿಗೆ ತಿಳಿದದ್ದು' ಹಾಕಿ. ಆಗ ಅದು ಪರದೆಯನ್ನು ಅಳೆಯುವ ಚೌಕವಾಗುತ್ತದೆ. 242 ಇದ್ದು 42 ಎಂದು ತಿಳಿದರೆ ಇ ವಲಯ, ಚಿಕಿತ್ಸೆಯೇ ತಲೆಕೆಳಗು. ಆಕ್ಸೆಸಿಬಿಲಿಟಿ ಸಂಶೋಧನೆಯಲ್ಲಿ ಸಾಮಾನ್ಯವಾಗಿ ಎಷ್ಟು ಸೆಕೆಂಡ್, ಎಷ್ಟು ತಪ್ಪು ಎಂದು ಎಣಿಸುತ್ತಾರೆ. ಇಲ್ಲಿ ತಪ್ಪಿಗೆ ವೈದ್ಯಕೀಯ ತೂಕ ಸಿಗುತ್ತದೆ. ಎರಡು ಕ್ಷೇತ್ರ ಬೆಸೆಯುವ ಜಾಗ ಇದು.

ಒಂದು ಎಚ್ಚರ. 142 ಇದ್ದು 42 ಎಂದು ಕೇಳಿದರೆ ಕ್ಲಾರ್ಕ್ ಚೌಕ ಬಿ ಎನ್ನುತ್ತದೆ, ಅಂದರೆ ನಿರಪಾಯ. ಪಾರ್ಕ್ಸ್ ಎಂಬ ಇನ್ನೊಂದು ದೋಷಚೌಕದಲ್ಲಿ (ಟೈಪ್ 1 ಮಧುಮೇಹದ್ದು) ಅದೇ ಬಿಂದು ಸಿ ವಲಯಕ್ಕೆ ಬೀಳುತ್ತದೆ. ಎರಡನ್ನೂ ವರದಿ ಮಾಡಿ, ಯಾವುದನ್ನು ಯಾಕೆ ನಂಬಿದಿರಿ ಎಂದು ಮೊದಲೇ ಬರೆದಿಡಿ. ಫಲಿತಾಂಶ ನೋಡಿದ ಮೇಲೆ ಚೌಕ ಆರಿಸಬಾರದು.

ಕಾಗದಪತ್ರದ ದಾರಿ ಚುಟುಕಾಗಿ. ಓಹಾಯೋ ಡೇಟಾಗೆ ಒಪ್ಪಂದಕ್ಕೆ ಸಹಿ ಹಾಕಬೇಕಾದದ್ದು ಸಂಸ್ಥೆ, ವಿದ್ಯಾರ್ಥಿಯಲ್ಲ. ಮೊದಲ ವಾರವೇ ಅರ್ಜಿ ಹಾಕಿ. ಅಲ್ಲಿಯವರೆಗೆ ಸಿಮ್‌ಗ್ಲೂಕೋಸ್ ಸಾಕು: ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಬದಲಿಯಾಗಿ ಅಮೆರಿಕದ ಎಫ್‌ಡಿಎ 2008ರಲ್ಲಿ ಒಪ್ಪಿದ ವರ್ಜೀನಿಯಾ-ಪಡೋವಾ ಸಿಮ್ಯುಲೇಟರಿನ ಪೈಥಾನ್ ರೂಪ, 30 ಕಾಲ್ಪನಿಕ ರೋಗಿಗಳಿದ್ದಾರೆ. ಮನುಷ್ಯರ ಮೇಲಿನ ಯಾವ ಪರೀಕ್ಷೆಗೂ ನೈತಿಕ ಸಮಿತಿಯ ಒಪ್ಪಿಗೆ ಮೊದಲು. ಇಂಜಿನಿಯರಿಂಗ್ ಕಡೆಯವರಿಗೆ ಒಬ್ಬ ವೈದ್ಯ ಸಹ-ಮಾರ್ಗದರ್ಶಕ ಬೇಕೇ ಬೇಕು. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಸತ್ತೂರಿನ ಎಸ್‌ಡಿಎಂ, ಗದಗಿನ ಜಿಮ್ಸ್, ಮೂರೂ ವೈದ್ಯಕೀಯ ಕಾಲೇಜುಗಳು ಒಂದು ದಿನದಲ್ಲಿ ಹೋಗಿ ಬರುವ ದೂರ. ಒಪ್ಪಿಗೆ ಪತ್ರ ಕನ್ನಡದಲ್ಲಿ, ಓದಿ ಹೇಳಿ, ಓದಲಾಗದವರಿದ್ದರೆ ನಿಷ್ಪಕ್ಷಪಾತಿ ಸಾಕ್ಷಿಯ ಎದುರು. ಸಕ್ಕರೆ ಇಳಿಸಿ ಪರೀಕ್ಷಿಸುವ ಮಾತೇ ಬೇಡ. ತೋರಿಸುವ ಅಂಕಿಗಳೆಲ್ಲ ಸಿಮ್ಯುಲೇಟರಿನವು, ಅದನ್ನು ಭಾಗವಹಿಸುವವರಿಗೆ ಮೂರು ಸಲ ಹೇಳಿ.

ಪ್ರಕಟಣೆಗೆ ಆಕ್ಸೆಸಿಬಿಲಿಟಿ ಕಡೆ ಅಸೆಟ್ಸ್ ಮತ್ತು ವೆಬ್ ಫಾರ್ ಆಲ್ ಸಮ್ಮೇಳನಗಳು, ಮಧುಮೇಹದ ಕಡೆ ಜರ್ನಲ್ ಆಫ್ ಡಯಾಬಿಟಿಸ್ ಸೈನ್ಸ್ ಅಂಡ್ ಟೆಕ್ನಾಲಜಿ. ಒಂದೇ ಲೇಖನ ಎರಡೂ ಕಡೆ ಹೊಂದದು. ಸಮ್ಮೇಳನಕ್ಕೆ ಪರದೆಯ ವಿನ್ಯಾಸ, ಜರ್ನಲ್ಲಿಗೆ ದೋಷಚೌಕ. ಕಾನೂನಿನ ಹಿನ್ನೆಲೆಗೆ 2016ರ ಅಂಗವಿಕಲರ ಹಕ್ಕು ಕಾಯ್ದೆ, ಡಿಜಿಟಲ್ ಆಕ್ಸೆಸಿಬಿಲಿಟಿಯ ಭಾರತೀಯ ಮಾನದಂಡ ಐಎಸ್ 17802, ಮತ್ತು ಡಿಜಿಟಲ್ ಪ್ರವೇಶವನ್ನು ಸಂವಿಧಾನದ 21ನೇ ವಿಧಿಯೊಳಗೆ ತಂದ 2025ರ ಏಪ್ರಿಲ್ 30ರ ಸುಪ್ರೀಂ ಕೋರ್ಟ್ ತೀರ್ಪು. ಅರ್ಧ ಪುಟ ಸಾಕು.

ಚಿಗರಿ_ಬಸ್

ಒಪ್ಪಿದೆ, ಮುನ್ಸೂಚನೆ ಒಂದು ಅಧ್ಯಾಯಕ್ಕ ಇಳಿಸ್ರಿ. ಸೆನ್ಸರ್ ಡೇಟಾ ಸ್ಥಳೀಯವಾಗಿ ಸಿಕ್ರ ಒಂದು ಮಾತು: ಲಿಬ್ರೆ ಸೆನ್ಸರಿನ ಸಿಎಸ್‌ವಿ ಕಡತದಾಗ ದಾಖಲೆ ವಿಧ 0 ಅಂದ್ರ ತಾನ ಉಳಿಸಿದ 15 ನಿಮಿಷದ ಓದು, 1 ಅಂದ್ರ ಸ್ಕ್ಯಾನ್ ಮಾಡಿದ್ದು. ಎರಡೂ ಕಲಸಿ ಸರಾಸರಿ ತೆಗೆದ್ರ ಹೆಚ್ಚು ಸಲ ಸ್ಕ್ಯಾನ್ ಮಾಡಿದ ಹೊತ್ತಿಗೆ ತೂಕ ಜಾಸ್ತಿ ಆಗ್ತದ. ದಿನಾಂಕ ದಿನ-ತಿಂಗಳ ಕ್ರಮದಾಗ ಇದ್ರ ಪಾಂಡಾಸ್‌ಗೆ (ಪೈಥಾನಿನ ಕೋಷ್ಟಕ ಲೈಬ್ರರಿ) ಹಂಗಂತ ಹೇಳಬೇಕು, ಇಲ್ಲಾಂದ್ರ 04-03 ಏಪ್ರಿಲ್ 3 ಆಗಿ ಕುಂದರ್ತದ. ದಿನಕ್ಕ 96ರಂಗ 14 ದಿನಕ್ಕ 1344 ಓದು ಆಗಬೇಕು, 70%, ಅಂದ್ರ 941ಕ್ಕಿಂತ ಕಡಿಮಿ ಇದ್ರ 'ಮಿತಿಯೊಳಗಿನ ಸಮಯ' (ಸಕ್ರಿ 70ರಿಂದ 180ರೊಳಗ ಇದ್ದ ಹೊತ್ತು) ಲೆಕ್ಕ ಹಾಕಬ್ಯಾಡ್ರಿ.

ಉಣಕಲ್_ದಂಡಿ

ಕೊನೀದೊಂದು. ಆ 1344 ಓದಿನ ಗ್ರಾಫು ಕಣ್ಣು ಕಾಣದವರಿಗೆ ಕೊಡೋದು ಹ್ಯಾಂಗ? ಕೋಷ್ಟಕ ಮಾಡಿದ್ರ 1344 ಸಾಲು ಕೇಳೋರ್ಯಾರು?

ಗದಗ_ಧ್ವನಿ

ಯಾರೂ ಕೇಳುವುದಿಲ್ಲ. ಮೂರು ಪದರ ಮಾಡಿ. ಮೇಲೆ ಎರಡು ವಾಕ್ಯ: ಮಿತಿಯೊಳಗೆ ಎಷ್ಟು ಶೇಕಡ, 70ರ ಕೆಳಗೆ ಎಷ್ಟು. ಮಾಮೂಲಿ ಗುರಿ 70%ಕ್ಕಿಂತ ಹೆಚ್ಚು ಮತ್ತು 4%ಕ್ಕಿಂತ ಕಡಿಮೆ, ಅದನ್ನೂ ಪಕ್ಕದಲ್ಲೇ ಹೇಳಿ. ಅದರ ಕೆಳಗೆ ದಿನದ ಹೊತ್ತುಗಳ ಕೋಷ್ಟಕ, 24 ಸಾಲಲ್ಲ, ಆರೇ ಸಾಲು: ಬೆಳಗಿನ ಜಾವ, ಮುಂಜಾನೆ, ಮಧ್ಯಾಹ್ನ, ಸಂಜೆ, ರಾತ್ರಿ, ನಡುರಾತ್ರಿ, ಪ್ರತಿಯೊಂದಕ್ಕೂ ನಡುಬೆಲೆ, ಕನಿಷ್ಠ, ಗರಿಷ್ಠ. ಸಾಲಿನ ಶೀರ್ಷಿಕೆ ಕೋಶಗಳಿಗೆ ಸರಿಯಾದ ಗುರುತು ಕೊಡಿ, ಇಲ್ಲವಾದರೆ '164' ಎಂದಷ್ಟೇ ಕೇಳುತ್ತದೆ, ಯಾವ ಹೊತ್ತಿನದೋ ತಿಳಿಯದು. ಮೂರನೇ ಪದರ ಬೇಕಾದವರಿಗೆ ಮಾತ್ರ, ಬಟನ್ ಒತ್ತಿದರೆ ತೆರೆಯುವ ಪೂರ್ತಿ ದಾಖಲೆ. ಅದರಲ್ಲಿ ಹೊಸ ಓದು ಮೊದಲು ಬರಲಿ. ಹಳೆಯದರಿಂದ ಶುರು ಮಾಡಿದರೆ ಈಗಿನ ಅಂಕಿಗೆ ತಲುಪಲು 1343 ಸಲ ಕೆಳಬಾಣ ಒತ್ತಬೇಕು.